ಗ್ರಹಗಳ ಕೂಟವೂ ಭಕ್ತನ ಕಣ್ಣೂ



2023ನೆಯ ಇಸವಿಯಲ್ಲಿ ಮಹಾಶಿವರಾತ್ರಿಯು ಫೆಬ್ರವರಿ 18ನೆಯ ತಾರೀಖಿಗೆ ಬಂದಿದ್ದಿತು. ಅಂದು ಸಂಜೆ ಜಾಗರಣೆಗೆಂದು ಮಠದ ಅಂಗಳದಲ್ಲಿ ನೆರೆದ ಭಕ್ತರು ತಲೆಯೆತ್ತಿ ಪಡುವಣ ದಿಕ್ಕನ್ನು ನೋಡಿದ್ದರೆ, ಬೈಗಿನ ಕೆಂಪು ಆರುವ ಮೊದಲೇ ಅಲ್ಲಿ ಎರಡು ದೀಪಗಳು ಹೊತ್ತಿಕೊಂಡಿದ್ದುದು ಅವರಿಗೆ ಕಾಣುತ್ತಿದ್ದಿತು. ಕೆಳಗಿನದು ಬಹು ಬಿಳುಪಾದುದು, ಬಹು ಪ್ರಖರವಾದುದು. ಮೇಲಿನದು ತುಸು ಹಳದಿಯ ಛಾಯೆಯುಳ್ಳದ್ದು, ಶಾಂತವಾದುದು. ಕೆಳಗಿನವನು ಶುಕ್ರ, ಮೇಲಿನವನು ಗುರು. ತೋಳನ್ನು ನೇರವಾಗಿ ಚಾಚಿ ಮುಷ್ಟಿ ಹಿಡಿದರೆ, ಆ ಮುಷ್ಟಿಯ ಅಗಲದಷ್ಟು ಅಂತರವು ಇಬ್ಬರ ನಡುವೆ ಇದ್ದಿತು. ನೆರೆದಿದ್ದವರಲ್ಲಿ ಎಷ್ಟು ಮಂದಿ ಅದನ್ನು ನೋಡಿದರೆಂದು ನಾನು ಎಣಿಸಲಿಲ್ಲ. ಆದರೆ ಎರಡು ದಿನ ಕಳೆದ ಮೇಲೆ ನಡೆದ ಒಂದು ಮಾತುಕತೆಯಿಂದ ಅದರ ಅಂದಾಜು ನನಗೆ ದೊರೆಯಿತು.

ಮೂರು ತಲೆಮಾರುಗಳಿಂದ ನಮ್ಮ ಮಠಕ್ಕೆ ನಡೆದುಕೊಳ್ಳುತ್ತ ಬಂದ ಒಕ್ಕಲಿನ ಮನೆತನದ ಭಕ್ತರೊಬ್ಬರು ಪಾಠಶಾಲೆಯ ಜಗಲಿಗೆ ಬಂದು ಕುಳಿತರು. ತಲೆಯ ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಹಳ ಹೊತ್ತು ಮಳೆ ಬೆಳೆಗಳ ಮಾತಾಡಿ ಕೊನೆಗೆ ಕೇಳಿದರು: “ಮಾಸ್ತರ್ರ, ಗುರು ಶುಕ್ರ ಇಬ್ಬರೂ ಒಂದ ಮನ್ಯಾಗ ಕೂಡಾಕ ಹತ್ಯಾರಂತ. ಅವರಿಬ್ಬರಿಗೂ ಮೊದಲಿಂದ ಆಗಂಗಿಲ್ಲಂತ. ಮಗಳ ಲಗ್ನ ಮುಂದ ಹಾಕಬೇಕೇನ್ರಿ?”

“ನೀವು ಅವರಿಬ್ಬರನ್ನು ನೋಡಿದಿರಾ?” ಎಂದೆನು.

“ಪಂಚಾಂಗದಾಗ ಐತ್ರಿ.”

“ಪಂಚಾಂಗದಲ್ಲಿ ಅಲ್ಲ, ಮುಗಿಲಿನಲ್ಲಿ ನೋಡಿದಿರಾ?”

ಅವರು ಸುಮ್ಮನಾದರು. ರಾತ್ರಿಯ ಪಾಳಿಯಲ್ಲಿ ಪಂಪಿಗೆ ವಿದ್ಯುತ್ತು ಬಂದಾಗ ಹೊಲಕ್ಕೆ ಹೋಗಿ ನೀರು ಹಾಯಿಸುವ ಮನುಷ್ಯ ಅವರು. ವರುಷದಲ್ಲಿ ಎಷ್ಟೋ ರಾತ್ರಿಗಳನ್ನು ತೆರೆದ ಆಕಾಶದ ಕೆಳಗೆ ಕಳೆಯುವವರು. ತಮ್ಮ ತಲೆಯ ಮೇಲೆಯೇ ಇದ್ದುದನ್ನು ಅವರು ನೋಡಿರಲಿಲ್ಲ. ಆದರೆ ಅದಕ್ಕಾಗಿ ಅಂಜಿದ್ದರು. ಇದು ಅವರೊಬ್ಬರ ತಪ್ಪೆಂದು ನಾನು ಹೇಳಲಾರೆನು. ನಮ್ಮ ಮನೆಗಳಲ್ಲಿ ಗ್ರಹಗಳ ಹೆಸರುಗಳು ಮಕ್ಕಳಿಗೂ ಬಾಯಿಪಾಠವಾಗಿವೆ. ಗುರುಬಲ, ಶನಿಕಾಟ, ಕುಜದೋಷ ಎಂಬ ಮಾತುಗಳು ಅಡುಗೆಮನೆಯವರೆಗೂ ನಡೆದುಹೋಗಿವೆ. ಆದರೆ “ಗುರು ಯಾವನು, ತೋರಿಸು” ಎಂದರೆ ಬೆರಳೆತ್ತಿ ತೋರಿಸಬಲ್ಲವರು ಊರಿಗೆ ಒಬ್ಬಿಬ್ಬರು ಸಿಕ್ಕಾರು.

ಇನ್ನೊಂದು ಮಾತು. ಗುರುಶುಕ್ರರಿಗೆ ಆಗದೆಂಬುದು ಪುರಾಣದ ಕಥೆ. ಬೃಹಸ್ಪತಿಯು ದೇವತೆಗಳ ಆಚಾರ್ಯ, ಶುಕ್ರನು ದೈತ್ಯರ ಆಚಾರ್ಯ. ಶಿಷ್ಯರಲ್ಲಿ ಹಗೆಯಿದ್ದ ಮೇಲೆ ಗುರುಗಳಲ್ಲಿಯೂ ಇರಲೇಬೇಕೆಂದು ಲೋಕದ ತರ್ಕ. ಜೋಯಿಸರ ಗ್ರಂಥಗಳಲ್ಲಿ ಗುರುವಿಗೆ ಶುಕ್ರನು ಶತ್ರು, ಶುಕ್ರನಿಗೆ ಮಾತ್ರ ಗುರುವು ಸಮನು. ಹಗೆತನವು ಒಂದೇ ಕಡೆಯದು! ಅಲ್ಲದೆ ಆ ದಿನಗಳಲ್ಲಿ ಇಬ್ಬರೂ ಇದ್ದುದು ಮೀನರಾಶಿಯಲ್ಲಿ. ಅದು ಗುರುವಿಗೆ ಸ್ವಕ್ಷೇತ್ರ, ಶುಕ್ರನಿಗೆ ಉಚ್ಚಸ್ಥಾನ. ಅದೇ ಶಾಸ್ತ್ರವನ್ನು ಹಿಡಿದು ನೋಡಿದರೂ ಇಬ್ಬರಿಗೂ ಅದು ಸುಖದ ನೆಲೆಯೇ. ಅಂಜುವವನಿಗೆ ಅಂಜಿಕೆಯ ಸಾಲು, ಹಿಗ್ಗುವವನಿಗೆ ಹಿಗ್ಗಿನ ಸಾಲು ಒಂದೇ ಹೊತ್ತಗೆಯಲ್ಲಿ ಸಿಗುತ್ತದೆಂಬುದನ್ನು, ಆ ಹೊತ್ತಗೆಗಳನ್ನು ಓದಿಯೇ ತಲೆ ನರೆತ ನಾನು ಬಲ್ಲೆನು.

ಆ ಭಕ್ತರಿಗೆ ನಾನು ಯಾವ ಉತ್ತರವನ್ನೂ ಹೇಳಲಿಲ್ಲ. “ಸಂಜೆ ದೀಪ ಹಚ್ಚುವ ಹೊತ್ತಿಗೆ ಬನ್ನಿರಿ, ನೋಡೋಣ” ಎಂದೆನು. ಬಂದರು. ತಮ್ಮ ಮೊಮ್ಮಗನನ್ನೂ ಕರೆತಂದಿದ್ದರು.

ಗ್ರಹವನ್ನು ಗುರುತಿಸುವ ಬಗೆ ಬಹು ಸುಲಭವಾದುದು. ನಕ್ಷತ್ರವು ಮಿನುಗುತ್ತದೆ, ಗ್ರಹವು ಮಿನುಗುವುದಿಲ್ಲ. ನಕ್ಷತ್ರವು ಎಣಿಕೆಗೆ ನಿಲುಕದಷ್ಟು ದೂರವಿರುವುದರಿಂದ ನಮ್ಮ ಕಣ್ಣಿಗೆ ಅದು ಬರಿಯ ಒಂದು ಬಿಂದು. ನಡುವಿನ ಗಾಳಿಯು ಅಲುಗಿದಂತೆಲ್ಲ ಆ ಬಿಂದುವಿನ ಬೆಳಕೂ ಅಲುಗುತ್ತದೆ. ಗ್ರಹವು ಹತ್ತಿರದ್ದು, ಕಣ್ಣಿಗೆ ಕಾಣದಿದ್ದರೂ ಅದಕ್ಕೊಂದು ಪುಟ್ಟ ಬಿಂಬವುಂಟು, ಬಿಂಬದ ಒಂದು ಕಡೆಯ ಬೆಳಕು ಅಲುಗಿದರೆ ಇನ್ನೊಂದು ಕಡೆಯದು ಅದನ್ನು ತುಂಬಿಕೊಡುತ್ತದೆ. ಆದುದರಿಂದ ಗ್ರಹದ ಬೆಳಕು ಗಾಳಿಯಿಲ್ಲದ ಗರ್ಭಗುಡಿಯ ನಂದಾದೀಪದಂತೆ ನಿಂತಿರುತ್ತದೆ. ಬಣ್ಣವನ್ನು ನೋಡಿದರೆ ಹೆಸರು ತಿಳಿಯುತ್ತದೆ. ಬೆಳ್ಳಗೆ ಹೊಳೆದು, ಸಂಜೆಗಾಗಲಿ ಬೆಳಗಿನ ಜಾವಕ್ಕಾಗಲಿ ಸೂರ್ಯನ ಆಸುಪಾಸಿನಲ್ಲಿಯೇ ಕಾಣಿಸುವವನು ಶುಕ್ರ. ನಮ್ಮ ಹಳ್ಳಿಗರು ಬೆಳ್ಳಿ ಮೂಡಿತೆಂದು ಹೇಳುವುದು ಇವನನ್ನೇ. ಕೆನೆಯ ಬಣ್ಣದವನು ಗುರು. ಕೆಂಪಗಿನವನು ಕುಜ. ಮಂಕಾದ ಹಳದಿಯವನು ಶನಿ. ಬುಧನು ಸೂರ್ಯನ ಮಗ್ಗುಲನ್ನು ಬಿಟ್ಟು ದೂರ ಬಾರದವನಾದುದರಿಂದ ಅವನನ್ನು ಕಾಣಲು ತಾಳ್ಮೆ ಬೇಕು.

ಇನ್ನು ಅಳತೆಯ ವಿಷಯ. ಅದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ. ತೋಳನ್ನು ಪೂರ್ತಿಯಾಗಿ ಚಾಚಿದರೆ ಮುಷ್ಟಿಯ ಅಗಲವು ಸುಮಾರು ಹತ್ತು ಅಂಶ. ಕಿರುಬೆರಳಿನ ಅಗಲವು ಸುಮಾರು ಒಂದು ಅಂಶ. ಹುಣ್ಣಿಮೆಯ ಚಂದ್ರಬಿಂಬವು ಎಷ್ಟು ದೊಡ್ಡದಾಗಿ ತೋರಿದರೂ ಅದರ ಅಗಲವು ಅರ್ಧ ಅಂಶ ಮಾತ್ರ. ಚಾಚಿದ ತೋಳಿನ ಕಿರುಬೆರಳಿನಿಂದ ಅದನ್ನು ಮರೆಮಾಡಬಹುದು. ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, ಮಾಡಿ ನೋಡಿದ ಮೇಲೆ ನಗುತ್ತಾರೆ. ಶುಕ್ರನು ಗುರುವಿನ ಕಡೆಗೆ ದಿನಕ್ಕೆ ಸುಮಾರು ಒಂದು ಅಂಶದಂತೆ ಸರಿಯುತ್ತಿದ್ದನು. ಶಿವರಾತ್ರಿಯಂದು ಒಂದು ಮುಷ್ಟಿಯಿದ್ದ ಅಂತರವು ದಿನಕ್ಕೊಂದು ಕಿರುಬೆರಳಿನಂತೆ ಕಡಿಮೆಯಾಗುತ್ತ ಬಂದಿತು. ಫೆಬ್ರವರಿ 22ರ ಸಂಜೆ ತದಿಗೆಯ ಚಂದ್ರನ ಎಳೆಯ ಕೊಂಬು ಅವರಿಬ್ಬರ ಬಳಿಗೇ ಬಂದು ನಿಂತು, ನೋಡಿದವರ ಮನಸ್ಸನ್ನು ತಣಿಸಿತು. ಮಾರ್ಚ್ 1ರ ಹೊತ್ತಿಗೆ ಶುಕ್ರನೂ ಗುರುವೂ ಒಂದೇ ಕಿರುಬೆರಳಿನ ಮರೆಗೆ ಬಂದಿದ್ದರು.

ಆ ಮೊಮ್ಮಗನು ಒಂದು ಒಳ್ಳೆಯ ಪ್ರಶ್ನೆಯನ್ನು ಕೇಳಿದನು: “ಅವು ಒಂದಕ್ಕೊಂದು ಬಡಿಯಂಗಿಲ್ಲೇನ್ರಿ?”

ಇದಕ್ಕೆ ಉತ್ತರವನ್ನು ನಮ್ಮ ಕಣದಲ್ಲಿಯೇ ಹುಡುಕಬಹುದು. ಈಗ ಯಂತ್ರಗಳು ಬಂದು ಹಂತಿಯು ಅಪರೂಪವಾಗಿದೆಯಾದರೂ, ಕಣದ ನಡುವೆ ಮೇಟಿಯನ್ನು ನೆಟ್ಟು ಎತ್ತುಗಳಿಂದ ತೆನೆ ತುಳಿಸುವುದನ್ನು ಹಿರಿಯರೆಲ್ಲರೂ ಕಂಡವರೇ. ಮೇಟಿಯೇ ಸೂರ್ಯನೆಂದು ಭಾವಿಸಿರಿ. ಹಂತಿಯ ಎತ್ತುಗಳನ್ನು ಒಂದಕ್ಕೊಂದು ಕಟ್ಟಿರುತ್ತಾರೆ. ಇಲ್ಲಿ ಆ ಹಗ್ಗಗಳನ್ನು ಬಿಚ್ಚಿಬಿಡಬೇಕು. ಪ್ರತಿಯೊಂದು ಎತ್ತೂ ತನ್ನ ತನ್ನ ಸುತ್ತಿನಲ್ಲಿ ತನ್ನ ತನ್ನ ನಡಿಗೆಯಲ್ಲಿ ತಿರುಗುತ್ತದೆ. ಮೇಟಿಯ ಮಗ್ಗುಲಿನದು ಬುಧ, 88 ದಿನಗಳಿಗೆ ಒಂದು ಸುತ್ತು. ಅದರಾಚೆ ಶುಕ್ರ, 225 ದಿನಗಳು. ಮೂರನೆಯದು ನಮ್ಮ ಭೂಮಿ, ಒಂದು ವರುಷ. ಕುಜನಿಗೆ 687 ದಿನಗಳು. ಬಹು ದೂರದ ಸುತ್ತಿನಲ್ಲಿ ಗುರು, ಸುಮಾರು 12 ವರುಷಗಳು. ಇನ್ನೂ ಆಚೆ ಶನಿ, ಇಪ್ಪತ್ತೊಂಬತ್ತೂವರೆ ವರುಷಗಳು. ಗುರುವು ರಾಶಿಗೆ ಒಂದು ವರುಷವೂ ಶನಿಯು ರಾಶಿಗೆ ಎರಡೂವರೆ ವರುಷವೂ ಇರುವನೆಂದು ನಾವು ಹೇಳುವುದು ಈ ಲೆಕ್ಕದಿಂದಲೇ. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮತಟ್ಟಿನ ಕಣದಲ್ಲಿ ತಿರುಗುವುದರಿಂದ ಆಕಾಶದಲ್ಲಿಯೂ ಅವೆಲ್ಲ ಒಂದೇ ದಾರಿಯಲ್ಲಿ ನಡೆದಂತೆ ಕಾಣುತ್ತವೆ. ಆ ದಾರಿಯಲ್ಲಿಯೇ ಹನ್ನೆರಡು ರಾಶಿಗಳಿವೆ.

ನೋಡುವವರಾದ ನಾವು ಕಣದ ಅಂಚಿನಲ್ಲಿ ನಿಂತವರಲ್ಲ. ಮೂರನೆಯ ಎತ್ತಿನ ಬೆನ್ನಮೇಲೆ ಕುಳಿತು ನಾವೂ ತಿರುಗುತ್ತಿದ್ದೇವೆ. ಅಲ್ಲಿಂದ ನೋಡುವಾಗ, ಹತ್ತಿರದ ಎತ್ತೊಂದು ಕಣದ ಬಹು ಆಚೆಗಿರುವ ಎತ್ತಿನ ನೇರಕ್ಕೆ ಬಂದರೆ, ಎರಡೂ ಮೈಗೆ ಮೈ ತಗುಲಿಸಿ ನಿಂತಂತೆ ತೋರುತ್ತದೆ. ತಗುಲಿರುವುದು ನಮ್ಮ ನೋಟದ ನೇರವೇ ಹೊರತು ಎತ್ತುಗಳ ಮೈಯಲ್ಲ. 2023ರ ಮಾರ್ಚ್ 1ರಂದು ಶುಕ್ರನು ನಮ್ಮಿಂದ ಸುಮಾರು 20 ಕೋಟಿ ಕಿಲೋಮೀಟರು ದೂರವಿದ್ದನು. ಗುರುವು 85 ಕೋಟಿ ಕಿಲೋಮೀಟರಿಗೂ ಮಿಕ್ಕಿ ದೂರವಿದ್ದನು. ಭೂಮಿಗೂ ಸೂರ್ಯನಿಗೂ ನಡುವೆ ಇರುವುದು 15 ಕೋಟಿ ಕಿಲೋಮೀಟರು. ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಬಯಲು, ಒಂದು ಕಿರುಬೆರಳಿನ ಮರೆಯಲ್ಲಿ ಅಡಗಿದ್ದ ಆ ಇಬ್ಬರ ನಡುವೆ ಹರಡಿಕೊಂಡಿದ್ದಿತು. ಅಂದು ನಾವು ಕಂಡ ಶುಕ್ರನ ಬೆಳಕು ಅಲ್ಲಿಂದ ಹೊರಟು ಸುಮಾರು 11 ನಿಮಿಷಗಳಾಗಿದ್ದವು. ಗುರುವಿನ ಬೆಳಕು ಹೊರಟು ಮುಕ್ಕಾಲು ಗಂಟೆಗೂ ಮೇಲಾಗಿದ್ದಿತು. ಶುಕ್ರನು ಗುರುವಿಗಿಂತ ಐದಾರು ಪಟ್ಟು ಪ್ರಕಾಶವುಳ್ಳವನಾಗಿ ಕಂಡುದು ಅವನು ದೊಡ್ಡವನೆಂದಲ್ಲ, ಹತ್ತಿರದವನೆಂದು, ಮತ್ತು ಮೈತುಂಬ ಮೋಡವನ್ನು ಹೊದ್ದು ಸೂರ್ಯನ ಬೆಳಕನ್ನು ಹಿಂದಿರುಗಿಸುವವನೆಂದು. ಗಾತ್ರದಲ್ಲಿ ಗುರುವಿನ ಮುಂದೆ ಶುಕ್ರನು ಕುಂಬಳಕಾಯಿಯ ಮುಂದಿನ ನೆಲ್ಲಿಕಾಯಿ.

ನಮ್ಮ ಪೂರ್ವಿಕರಿಗೆ ಈ ಕೂಟಗಳ ಲೆಕ್ಕವು ತಿಳಿದಿರಲಿಲ್ಲವೆಂದು ಯಾರೂ ಭಾವಿಸಬಾರದು. ಸೂರ್ಯಸಿದ್ಧಾಂತದಲ್ಲಿ ಗ್ರಹಯುತಿಗೆಂದೇ ಒಂದು ಅಧಿಕಾರವಿದೆ. ತಾರಾಗ್ರಹಗಳು ತಮ್ಮತಮ್ಮೊಳಗೆ ಸಮೀಪಿಸಿದರೆ ಯುದ್ಧ ಅಥವಾ ಸಮಾಗಮ, ಚಂದ್ರನೊಡನೆ ಸೇರಿದರೆ ಸಮಾಗಮ, ಸೂರ್ಯನೊಡನೆ ಸೇರಿದರೆ ಅಸ್ತಮಯ ಎಂದು ಅಲ್ಲಿ ಹೆಸರುಗಳನ್ನಿಟ್ಟು, ಯಾವಾಗ ಎಷ್ಟು ಅಂತರದಲ್ಲಿ ಕೂಡುವುವೆಂಬುದನ್ನು ಗಣಿತದಿಂದ ಸಾಧಿಸಿದ್ದಾರೆ. ಬಸವಣ್ಣನವರ ಕಾಲದವರೇ ಆದ ಭಾಸ್ಕರಾಚಾರ್ಯರು 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಕಾಗದದ ಮೇಲೆ ಲೆಕ್ಕ ಹಾಕಿ, ಇಂತಹ ದಿನ ಇಂತಹವನು ಇಲ್ಲಿರುವನೆಂದು ಹೇಳುವ ವಿದ್ಯೆಗೆ ನಾನು ಕೈಮುಗಿಯುವೆನು. ಪಂಚಾಂಗವನ್ನು ಬರೆಯುವವನ ಲೆಕ್ಕವನ್ನು ಆಕಾಶದಲ್ಲಿ ನೋಡಿ ಒಪ್ಪಿಕೊಳ್ಳಬಹುದು. ಆದರೆ ಆ ಲೆಕ್ಕದ ಕೆಳಗೆ ಅವನು ಬರೆಯುವ ಫಲವನ್ನು ಯಾವ ಆಕಾಶದಲ್ಲಿ ನೋಡುವುದು?

ಮೌಢ್ಯವೆಂಬ ಮಾತನ್ನೇ ತೆಗೆದುಕೊಳ್ಳಿರಿ. ಗುರುಮೌಢ್ಯ, ಶುಕ್ರಮೌಢ್ಯಗಳಲ್ಲಿ ಮದುವೆ ಮುಂಜಿಗಳನ್ನು ಮಾಡಬಾರದೆಂದು ಜನರು ತಿಂಗಳುಗಟ್ಟಲೆ ಕಾಯುತ್ತಾರೆ. ಗುರುವಿಗೆ ಏನೋ ಬಲಗುಂದಿದೆ, ಅವನು ನಮ್ಮ ಮೇಲೆ ಮುನಿದಿದ್ದಾನೆ ಎಂದು ಹಲವರ ಎಣಿಕೆ. 2023ರಲ್ಲಿ ಯುಗಾದಿ ಕಳೆದು ಮಾರ್ಚ್ ತಿಂಗಳು ಮುಗಿಯುವ ಹೊತ್ತಿಗೆ ಗುರುವು ಪಡುವಣದ ಬೈಗುಬೆಳಕಿನಲ್ಲಿ ಕರಗಿಹೋದನು. ದಿನವೂ ನೋಡುತ್ತಿದ್ದ ನಮ್ಮ ಪಾಠಶಾಲೆಯ ಹುಡುಗರಿಗೆ ಅದರಲ್ಲಿ ಯಾವ ಗುಟ್ಟೂ ಉಳಿದಿರಲಿಲ್ಲ. ಗುರುವು ಸೂರ್ಯನ ನೇರಕ್ಕೆ ಹೋಗುತ್ತಿದ್ದನು, ಸೂರ್ಯನ ಪ್ರಭೆಯಲ್ಲಿ ಕಾಣದಾದನು, ಅಷ್ಟೆ. ಮೌಢ್ಯವು ಗುರುವಿನದಲ್ಲ, ನಮ್ಮ ಕಣ್ಣಿನದು. ಹಗಲಿನಲ್ಲಿ ಹಣತೆಯು ಕಾಣದಿದ್ದರೆ ಹಣತೆಯು ಆರಿತೆಂದು ಯಾರಾದರೂ ಹೇಳುವರೆ?

ನೋಡದೆಯೇ ಅಂಜುವುದರಲ್ಲಿ ಒಂದು ದೊಡ್ಡ ನಿದರ್ಶನವು ನಮ್ಮ ಹಿರಿಯರ ನೆನಪಿನಲ್ಲಿದೆ. 1962ರ ಫೆಬ್ರವರಿ 3ರಿಂದ 5ರವರೆಗೆ ಮಕರರಾಶಿಯಲ್ಲಿ ಅಷ್ಟಗ್ರಹಕೂಟವಾಯಿತು. ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಇವರೆಲ್ಲ ಒಂದೇ ರಾಶಿಯಲ್ಲಿ. ಲೋಕವೇ ಮುಳುಗುವುದೆಂಬ ಭೀತಿಯು ಭಾರತದ ತುಂಬ ಹರಡಿತು. ಅಲ್ಲಲ್ಲಿ ದೊಡ್ಡ ದೊಡ್ಡ ಯಜ್ಞಗಳು ನಡೆದುವು. ಜನರು ಪ್ರಯಾಣಗಳನ್ನು ನಿಲ್ಲಿಸಿದರು. ನನ್ನ ತಂದೆಯವರು ಆಗ ಹರೆಯದವರು. ಸೂರು ಕುಸಿದೀತೆಂದು ಮನೆಮಂದಿಯೆಲ್ಲ ಮೂರು ರಾತ್ರಿ ಕಣದಲ್ಲಿ ಮಲಗಿದುದನ್ನೂ, ಮಾಗಿಯ ಚಳಿಗೆ ಅಜ್ಜಿಯು ಕೆಮ್ಮು ಹತ್ತಿಸಿಕೊಂಡುದನ್ನೂ ಅವರು ಹೇಳುತ್ತಿದ್ದರು. ನಮ್ಮ ಮನೆಗೆ ಅಷ್ಟಗ್ರಹಗಳು ಕೊಟ್ಟ ಫಲವೆಂದರೆ ಆ ಕೆಮ್ಮು. ಲೋಕವು ಮುಳುಗಲಿಲ್ಲ. ಸೋಜಿಗವೆಂದರೆ, ಆ ಎಂಟು ಮಂದಿಯಲ್ಲಿ ಕೇತುವು ಕಾಯವಿಲ್ಲದವನು. ಅದು ಚಂದ್ರನ ದಾರಿಯು ಸೂರ್ಯನ ದಾರಿಯನ್ನು ಕೊಯ್ಯುವ ಒಂದು ಸ್ಥಾನಮಾತ್ರ. ಉಳಿದವರೆಲ್ಲ ಸೂರ್ಯನ ಸುತ್ತಮುತ್ತ ಇದ್ದುದರಿಂದ ಅವರು ನಡೆದುದು ಹಗಲ ಬೆಳಕಿನಲ್ಲಿ. ರಾತ್ರಿಯ ಆಕಾಶದಲ್ಲಿ ಆ ಕೂಟವು ಕಾಣುವಂತೆಯೇ ಇರಲಿಲ್ಲ. ಯಾರೂ ಕಾಣದ ಕೂಟಕ್ಕೆ ದೇಶವೆಲ್ಲ ನಡುಗಿತು.

ಅದೇ ಮಕರದಲ್ಲಿ 2020ರ ಡಿಸೆಂಬರ್ 21ರಂದು ಗುರುವೂ ಶನಿಯೂ ಕೂಡಿದರು. ಇವರಿಬ್ಬರ ಕೂಟವು ಸುಮಾರು ಇಪ್ಪತ್ತು ವರುಷಗಳಿಗೊಮ್ಮೆ ಬರುವುದು. ಆದರೆ ಈ ಸಲ ಅಂತರವು ಒಂದು ಅಂಶದ ಹತ್ತನೆಯ ಒಂದು ಭಾಗ ಮಾತ್ರ, ಎಂದರೆ ಚಂದ್ರಬಿಂಬದ ಅಗಲದ ಐದರಲ್ಲೊಂದು ಪಾಲು. ಇಷ್ಟು ಸಮೀಪದ ಕೂಟವು 1623ರಿಂದ ಆಗಿರಲಿಲ್ಲ. 1623ರಲ್ಲಿಯೂ ಅವರು ಸೂರ್ಯನ ಬಳಿಯಲ್ಲಿದ್ದುದರಿಂದ ನೋಡಲು ಬಲು ಕಷ್ಟ. ಇರುಳಿನಲ್ಲಿ ಚೆನ್ನಾಗಿ ಕಾಣುವಂತೆ ಇಷ್ಟು ಹತ್ತಿರ ಬಂದುದು ಅದಕ್ಕೂ ಹಿಂದೆ 1226ರಲ್ಲಿ, ಕಲ್ಯಾಣದ ಶರಣರು ಚದುರಿಹೋಗಿ ಆರು ದಶಕಗಳಾಗಿದ್ದ ಕಾಲದಲ್ಲಿ. ಇಂತಹ ದರ್ಶನವು ಎಂಟುನೂರು ವರುಷಗಳ ತರುವಾಯ ನಮ್ಮ ಪಾಲಿಗೆ ಬಂದಾಗ, ಮಹಾಮಾರಿಯ ಆ ವರುಷದಲ್ಲಿ, ಗುರುವು ನೀಚನಾದನು, ಶನಿಯ ಕೈಗೆ ಸಿಕ್ಕನು, ಅದಕ್ಕೆಂದೇ ರೋಗವು ಬಂದಿತು ಎಂಬ ಮಾತುಗಳನ್ನೇ ನಾವು ಹೆಚ್ಚಾಗಿ ಕೇಳಿದೆವು. ರೋಗವು ಬಂದುದು 2019ರ ಕೊನೆಯಲ್ಲಿ, ಕೂಟವಾದುದು 2020ರ ಕೊನೆಯಲ್ಲಿ ಎಂಬುದನ್ನು ಕೂಡ ಯಾರೂ ಎಣಿಸಲಿಲ್ಲ. ಸಣ್ಣದೊಂದು ದೂರದರ್ಶಕವನ್ನು ಹಿಡಿದವರಿಗೆ ಆ ಸಂಜೆ, ಗೆಲಿಲಿಯೋ 1610ರಲ್ಲಿ ಕಂಡ ಗುರುವಿನ ನಾಲ್ಕು ಉಪಗ್ರಹಗಳೂ ಶನಿಯ ಬಳೆಯೂ ಒಂದೇ ನೋಟದೊಳಗೆ ಸಿಕ್ಕವು. ಅಷ್ಟು ಸಮೀಪದ ಕೂಟವು ಮತ್ತೆ ಬರುವುದು 2080ರಲ್ಲಿ. ನಮ್ಮ ಪಾಠಶಾಲೆಯ ಚಿಕ್ಕ ಮಕ್ಕಳು ಆಗ ಮುದುಕರಾಗಿ ಅದನ್ನು ನೋಡಿಯಾರು.

ಈಗ ಶರಣರ ಮಾತಿಗೆ ಬರೋಣ. ಮುಹೂರ್ತ, ರಾಶಿಕೂಟ, ತಾರಾಬಲಗಳ ವಿಷಯದಲ್ಲಿ ಬಸವಣ್ಣನವರ ವಚನವೊಂದು ನಿಮ್ಮಲ್ಲಿ ಹಲವರಿಗೆ ಬಾಯಿಗೆ ಬರುವಂತಹುದು. ಅದರ ದನಿಯನ್ನು ನೀವು ಗಮನಿಸಬೇಕು. ಅಣ್ಣನವರು ಅಲ್ಲಿ ಜೋಯಿಸರನ್ನು ಬೈಯುವುದಿಲ್ಲ, ಅವರ ಗ್ರಂಥಗಳನ್ನು ಸುಡಿರೆನ್ನುವುದಿಲ್ಲ. ಬೇಡಿಕೊಳ್ಳುತ್ತಾರೆ. ನಮ್ಮ ಜನರು ಬಂದು ಕೇಳಿದರೆ ಎಲ್ಲವೂ ಒಳ್ಳೆಯದಾಗಿದೆಯೆಂದೇ ಹೇಳಿರಪ್ಪಾ, ಆ ಪುಣ್ಯವು ನಿಮಗೇ ಬರಲಿ ಎಂಬ ಅರ್ಥದಲ್ಲಿ ಕೈಜೋಡಿಸುತ್ತಾರೆ. ಬಿಜ್ಜಳನ ಭಂಡಾರವನ್ನು ನಡೆಸಿದ ಬಸವಣ್ಣನವರಿಗೆ ಗಣಿತವು ತಿಳಿಯದ್ದಲ್ಲ. ಆದರೆ ಮನೆಬಾಗಿಲಿಗೆ ಬಂದ ನೆಂಟಸ್ತಿಕೆಯೊಂದು ಒಂದು ಮಾತಿನಿಂದ ಹಿಂದಿರುಗಿ ಹೋಗುವಾಗ ಆ ಮನೆಯೊಳಗೆ ಏನಾಗುವುದೆಂಬುದೂ ಅವರಿಗೆ ತಿಳಿದಿತ್ತು. ನಾನು ಬಹಳ ಕಾಲ ಈ ವಚನವನ್ನು ಮಕ್ಕಳಿಗೆ ಪದಚ್ಛೇದ ಮಾಡಿ ಹೇಳಿಕೊಟ್ಟೆನು. ಅದರ ಬೇಡಿಕೆಯು ನನ್ನಂತಹವನನ್ನೇ ಕುರಿತದ್ದೆಂದು ತಿಳಿಯುವುದಕ್ಕೆ ವರುಷಗಳು ಬೇಕಾದುವು.

ಲಿಂಗವಂತರಾದ ನಮಗೆ ನೋಟವು ಹೊಸತಲ್ಲ. ದಿನವೂ ಕರಸ್ಥಲದ ಇಷ್ಟಲಿಂಗದಲ್ಲಿ ರೆಪ್ಪೆ ಬಡಿಯದೆ ದೃಷ್ಟಿಯನ್ನು ನಿಲ್ಲಿಸುವುದೇ ನಮ್ಮ ಪೂಜೆ. ಕಣ್ಣು ಮುಚ್ಚಿ ಅಂಜುವುದನ್ನು ಶರಣರು ನಮಗೆ ಕಲಿಸಲಿಲ್ಲ. ಕಣ್ಣು ತೆರೆದು ನಿಲ್ಲಿಸುವುದನ್ನು ಕಲಿಸಿದರು. ಅಂಗೈಯಲ್ಲಿ ನಿಂತು ಕಲಿತ ನೋಟವನ್ನು ಸಂಜೆಗೊಮ್ಮೆ ಮುಗಿಲಿನ ಕಡೆಗೂ ತಿರುಗಿಸಿದರೆ ಅದು ಪೂಜೆಗೆ ಹೊರತಾದುದೆಂದು ನಾನು ತಿಳಿಯುವುದಿಲ್ಲ.

ಮೇಲೆ ಹೇಳಿದ ಭಕ್ತರ ಮಗಳ ಲಗ್ನವು ಗೊತ್ತುಮಾಡಿದ ದಿನವೇ ನಡೆಯಿತು. ನನ್ನ ಉಪದೇಶದಿಂದ ನಡೆಯಿತೆಂದು ನಾನು ಬೀಗುವುದಿಲ್ಲ. ಬೀಗರು ಕಲ್ಯಾಣಮಂಟಪಕ್ಕೆ ಮುಂಗಡವನ್ನು ಕೊಟ್ಟಾಗಿತ್ತೆಂಬುದೂ ಒಂದು ಕಾರಣವೇ.

ಇಷ್ಟನ್ನು ಹೇಳಿದವನು ಇನ್ನೊಂದನ್ನು ಮುಚ್ಚಿಟ್ಟರೆ ಆತ್ಮವಂಚನೆಯಾದೀತು. ನಾನು ಸಂಸ್ಕೃತ ಪಾಠಶಾಲೆಯಿಂದ ಹೊಸತಾಗಿ ಹೊರಬಂದ ಕಾಲ. ಜಾತಕವನ್ನು ನೋಡಬಲ್ಲೆನೆಂಬ ಹೆಮ್ಮೆ ನನಗೆ. ನನ್ನ ತಂಗಿಯನ್ನು ನೋಡಲು ನೆರೆಯೂರಿನಿಂದ ಒಂದು ಮನೆಯವರು ಬಂದರು. ಹುಡುಗನು ಒಕ್ಕಲುತನದವನು, ಮಾತು ಕಡಿಮೆ, ಒಳ್ಳೆಯವನು. ಅವರು ಜಾತಕವನ್ನು ಕೇಳಿರಲಿಲ್ಲ. ಯಾರೂ ಕೇಳದಿದ್ದಾಗ, ಎಲ್ಲರ ನಡುವೆ, ತಂಗಿಯ ಕುಂಡಲಿಯ ಏಳನೆಯ ಮನೆಯಲ್ಲಿ ಕುಜನಿರುವನೆಂದೂ ಅದಕ್ಕೆ ತಕ್ಕ ಜಾತಕವೇ ಬೇಕೆಂದೂ ಶ್ಲೋಕಸಹಿತವಾಗಿ ಹೇಳಿದವನು ನಾನು. ಬಂದವರು ಚಹ ಕುಡಿದು, ತಿಳಿಸುತ್ತೇವೆಂದು ಹೇಳಿ ಎದ್ದರು. ಆಮೇಲೆ ಬಂದ ಎರಡು ಮನೆಯವರಿಗೆ ಆ ಮಾತು ಮೊದಲೇ ಮುಟ್ಟಿದ್ದಿತು. ತಂದೆಯವರು ಅದೇ ಕೊರಗಿನಲ್ಲಿ ಲಿಂಗೈಕ್ಯರಾದರು. ತಂಗಿಯು ಹೊಲಿಗೆಯ ಯಂತ್ರವನ್ನು ಇಟ್ಟುಕೊಂಡು ನನ್ನ ಮನೆಯಲ್ಲಿಯೇ ಇದ್ದಾಳೆ. ನನ್ನ ಮಕ್ಕಳಿಗೆ ಅವಳೇ ಅಕ್ಷರ ತಿದ್ದಿಸಿದಳು. ಈ ವಿಷಯವನ್ನು ಅವಳು ಒಂದು ದಿನವೂ ಎತ್ತಿದವಳಲ್ಲ.

ಮಾರ್ಚ್ 1ರ ಸಂಜೆ ನಾನು ಪೂಜೆಯನ್ನು ಮುಗಿಸಿ ಏಳುವಷ್ಟರಲ್ಲಿ ಮಾಳಿಗೆಯ ಮೇಲಿನಿಂದ ಅವಳ ದನಿಯು ಕೇಳಿಸಿತು: “ಅಣ್ಣಾ, ಲಗೂನ ಮ್ಯಾಲ ಬಾ.” ಹೋದೆನು. ಪಡುವಣದಲ್ಲಿ ಅವರಿಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ದರು. ಎಡಕ್ಕೆ ಗುರು, ಅವನ ಬಲಗಡೆಗೆ ತುಸು ಕೆಳಗೆ ಶುಕ್ರ. ಅವಳು ತೋಳನ್ನು ಚಾಚಿ ಕಿರುಬೆರಳನ್ನು ಹಿಡಿದು ಒಂದು ಕಣ್ಣನ್ನು ಮುಚ್ಚಿ, ಎರಡನ್ನೂ ಮರೆಮಾಡಿ, ತೆಗೆದು, ಮತ್ತೆ ಮರೆಮಾಡಿ ನೋಡುತ್ತಿದ್ದಳು. ಪಾಠಶಾಲೆಯ ಹುಡುಗರಿಂದ ಕಲಿತಿದ್ದಳಂತೆ. ಅವರ ನಡುವಿನ ದೂರವನ್ನು ಕೇಳಿದಳು, ಕೋಟಿಗಳಲ್ಲಿ ಹೇಳಿದೆನು. “ಇಷ್ಟ ದೂರ ಇದ್ದವರನ್ನ ಜಗಳಾಡ್ತಾರ ಅಂತಾರಲ್ಲ” ಎಂದು ನಕ್ಕಳು.

ಆಮೇಲೆ ಕತ್ತನ್ನು ಹಿಂದಕ್ಕೆ ಬಾಗಿಸಿ ನೆತ್ತಿಯ ಕಡೆಗೆ ನೋಡಿದಳು. ದಶಮಿಯ ಚಂದ್ರನು ಮೇಲೆ ಬಂದಿದ್ದನು. ಆ ಬೆಳದಿಂಗಳಿನಲ್ಲಿಯೂ ನೆತ್ತಿಯ ಬಳಿಯಲ್ಲಿ ಎರಡು ಕೆಂಪು ಚುಕ್ಕೆಗಳು ಎದ್ದು ಕಾಣುತ್ತಿದ್ದುವು.

“ಅವೆರಡು ಯಾವು?”

“ಮಿನುಗುವುದು ರೋಹಿಣಿ.”

“ಮಿನುಗದ್ದು?”

ನಾನು ಬೇರೊಂದು ಹೆಸರನ್ನು ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. “ಕುಜ” ಎಂದೆನು.

ಅವಳು ಬಹಳ ಹೊತ್ತು ನೋಡಿದಳು. ಐವತ್ತರ ಹತ್ತಿರಕ್ಕೆ ಬಂದವಳು, ಜೀವನದಲ್ಲಿ ಮೊದಲನೆಯ ಸಲ ಅವನನ್ನು ನೋಡುತ್ತಿದ್ದಳು. ಅವನು ಸಣ್ಣಗೆ, ಕೆಂಪಗೆ, ಯಾರ ಗೊಡವೆಯೂ ಇಲ್ಲದೆ ವೃಷಭರಾಶಿಯ ನಕ್ಷತ್ರಗಳ ನಡುವೆ ಇದ್ದನು.

“ಇಷ್ಟಾ?” ಎಂದಳು.

ಅಂದು ಆ ಮನೆಯವರ ಮುಂದೆ ಶ್ಲೋಕಸಹಿತವಾಗಿ ಮಾತ ನಾಡಿದ ನಾಲಗೆಯು ಈಗ ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ, “ತಪ್ಪಾಯಿತವ್ವಾ” ಎಂದಷ್ಟೇ ಹೇಳಿದೆನು. ಅವಳು ನನ್ನ ಕಡೆಗೆ ತಿರುಗಲಿಲ್ಲ. “ನಾಳೆ ಶುಕ್ರ ಮ್ಯಾಲ ಆಗ್ತಾನಂತಲ್ಲ, ಹೌದೇನು?” ಎಂದು ಕೇಳಿದಳು. ಹೌದೆಂದೆನು. ಇಬ್ಬರೂ ದಿಗಂತಕ್ಕೆ ಇಳಿದು, ಎಂಟೂವರೆಯ ಸುಮಾರಿಗೆ ಮರೆಯಾಗುವವರೆಗೆ ಅಲ್ಲಿಯೇ ಕುಳಿತಿದ್ದೆವು.

ಮರುದಿನ ನಾನು ಮಠದಿಂದ ಬರುವಾಗ ಬೀದಿಯಿಂದಲೇ ನೋಡಿದೆನು. ಶುಕ್ರನು ಗುರುವಿಗಿಂತ ಮೇಲೇರಿದ್ದನು. ನಮ್ಮ ಮಾಳಿಗೆಯ ಮೇಲೆ ಕೇರಿಯ ನಾಲ್ಕಾರು ಹೆಣ್ಣುಮಕ್ಕಳು ಸಾಲಾಗಿ ನಿಂತು ತೋಳುಗಳನ್ನು ಚಾಚಿದ್ದರು. ನಡುವೆ ನನ್ನ ತಂಗಿಯು ನಿಂತು, ಕಿರುಬೆರಳನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ತೋರಿಸುತ್ತಿದ್ದಳು.